ನೀನು ಆಗ ಏನು ತಿಂದಿದ್ದೆ?

ಹೋದ ತಿಂಗಳು ಚಿಕ್ಕಮ್ಮನ ಮಗಳು ಫೋನ್ ಮಾಡಿದ್ದಳು. ಅವಳಿಗೀಗ ಮೂರು ತಿಂಗಳು. ವಾಂತಿ, ಸುಸ್ತು, ಆಫೀಸಿನಲ್ಲಿ ಇನ್ನೂ ಹೇಳಿಲ್ಲ, ಹೀಗೇ ಅರ್ಧ ಗಂಟೆ ಮಾತು ನಡೆಯಿತು. ಇನ್ನೇನು ಇಡುತ್ತಾಳೆ ಅನ್ನುವಾಗ ಸ್ವಲ್ಪ ತಡೆದು, "ಅಕ್ಕಾ, ಬೇಜಾರು ಮಾಡ್ಕೋಬೇಡ, ಒಂದು ಕೇಳಲಾ? ನೀನು ಆಗ ಏನೇನು ತಿಂದಿದ್ದೆ?" ಎಂದಳು. ಅವಳು ಏನು ಕೇಳುತ್ತಿದ್ದಾಳೆ ಅಂತ ಹೊಳೆಯಲು ನನಗೆ ಒಂದು ಕ್ಷಣ ಬೇಕಾಯಿತು. ಏನು ತಿಂದರೆ ಒಳ್ಳೆಯದು ಅಂತ ಅಲ್ಲ. ನಾನು ತಿಂದದ್ದನ್ನು ತಾನು ತಿನ್ನಬಾರದು, ಅದಕ್ಕೆ ಒಂದು ಪಟ್ಟಿ ಬೇಕಾಗಿತ್ತು. ನನಗೆ ನಗು ಬಂತು. ಫೋನ್ ಇಟ್ಟ ಮೇಲೆ ಸುಮಾರು ಹೊತ್ತು ಏನೂ ಕೆಲಸ ಮಾಡಲಾಗಲಿಲ್ಲ.

ನನ್ನ ಮಗಳು ಹುಟ್ಟಿದ್ದು 32 ವಾರಕ್ಕೆ, ದಿನ ತುಂಬುವ ಮೊದಲೇ. ಈಗ ಅವಳಿಗೆ ಎಂಟು ವರ್ಷ. ಮೆಟ್ಟಿಲನ್ನು ಎರಡೆರಡು ಒಟ್ಟಿಗೆ ಹತ್ತುತ್ತಾಳೆ, ಹೇಳಿದ ಮಾತು ಕೇಳುವುದಿಲ್ಲ, ಎಲ್ಲ ಸರಿಯಾಗಿದೆ. ಆದರೂ "ಏನು ತಿಂದಿದ್ದೆ" ಅನ್ನುವ ಪ್ರಶ್ನೆ ಮಾತ್ರ ಎಂಟು ವರ್ಷದಿಂದ ನನ್ನ ಬೆನ್ನು ಬಿಟ್ಟಿಲ್ಲ. ಆಸ್ಪತ್ರೆಗೆ ನೋಡಲು ಬಂದವರು ಕೇಳಿದ್ದರು. ಮನೆಗೆ ಬಂದ ಮೇಲೆ ಕೇಳಿದ್ದರು. ಒಬ್ಬರಂತೂ ಮಗುವನ್ನು ನೋಡುವ ಮೊದಲೇ ಕೇಳಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಅದು ನನಗೆ ಗೊತ್ತು. ಹೀಗಾಗಲು ಒಂದು ಕಾರಣ ಇರಲೇಬೇಕು, ಆ ಕಾರಣ ಕೈಗೆ ಸಿಗುವಷ್ಟು ಹತ್ತಿರ ಇದ್ದರೆ ಚೆನ್ನ ಅಂತ ಎಲ್ಲರಿಗೂ ಆಸೆ. ತಾಯಿಯ ತಟ್ಟೆಗಿಂತ ಹತ್ತಿರದ್ದು ಇನ್ನೇನಿದೆ?

ನೋಟ್‌ಬುಕ್ಕಿನ ಹಿಂದಿನ ಪುಟಗಳು

ರಾತ್ರಿ ಎರಡು ಗಂಟೆಗೆ ನೀರು ಒಡೆಯಿತು. ನೋವಿರಲಿಲ್ಲ. ಹಾಸಿಗೆ ಒದ್ದೆಯಾಗಿತ್ತು, ಅಷ್ಟೇ. ಆಸ್ಪತ್ರೆಯಲ್ಲಿ ಸೊಂಟಕ್ಕೆ ಒಂದು ಇಂಜೆಕ್ಷನ್ ಕೊಟ್ಟರು, 24 ಗಂಟೆ ಬಿಟ್ಟು ಇನ್ನೊಂದು. "ಮಗುವಿನ ಶ್ವಾಸಕೋಶ ಗಟ್ಟಿಯಾಗಲಿ ಅಂತ" ಎಂದರು ಡಾಕ್ಟರ್. ಮೂರನೇ ದಿನ ಹೆರಿಗೆಯಾಯಿತು. 1 ಕಿಲೋ 620 ಗ್ರಾಂ. ಅತ್ತಳು, ಆದರೆ ದೂರದ ಕೋಣೆಯಲ್ಲಿ ಬೆಕ್ಕಿನ ಮರಿ ಕೂಗಿದ ಹಾಗೆ. ನನ್ನ ಎದೆಯ ಮೇಲೆ ಇಡಲಿಲ್ಲ, ಒಮ್ಮೆ ಮುಖ ತೋರಿಸಿ ಒಳಗೆ ಒಯ್ದುಬಿಟ್ಟರು. ಸೋಂಕಿಗೆ, ಬಿಪಿಗೆ, ಸಕ್ಕರೆಗೆ ಅಂತ ಎಲ್ಲ ಪರೀಕ್ಷೆ ಮಾಡಿದರು. ಎಲ್ಲ ಸರಿಯಾಗಿತ್ತು. ಕಾರಣ ಕೇಳಿದಾಗ ಡಾಕ್ಟರ್ ಕೈ ತಿರುಗಿಸಿ, "ಬಹಳ ಸಲ ಗೊತ್ತಾಗುವುದಿಲ್ಲ" ಎಂದರು. ಅವರು ಹೇಳಿದ್ದು ನಿಜ. ದಿನ ತುಂಬದ ಹೆರಿಗೆಗಳಲ್ಲಿ ಹೆಚ್ಚಿನವು ತಾವಾಗಿಯೇ ಶುರುವಾಗುತ್ತವೆ. ಅವುಗಳಲ್ಲಿ ಎಷ್ಟೋ ಹೆರಿಗೆಗಳಿಗೆ ಇದೇ ಕಾರಣ ಅಂತ ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಆದರೆ ಗೊತ್ತಿಲ್ಲ ಅನ್ನುವ ಉತ್ತರವನ್ನು ಇಟ್ಟುಕೊಂಡು ರಾತ್ರಿ ನಿದ್ದೆ ಮಾಡುವುದು ಕಷ್ಟ.

ಎನ್‌ಐಸಿಯುನಲ್ಲಿ, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿ, ಒಬ್ಬ ಸಿಸ್ಟರ್ ನನಗೊಂದು ಚಿಕ್ಕ ನೋಟ್‌ಬುಕ್ ಕೊಟ್ಟಿದ್ದರು. ಎಷ್ಟು ಹೊತ್ತಿಗೆ ಎಷ್ಟು ಹಾಲು ಹಿಂಡಿದೆ, ಮಗುವಿಗೆ ಎಷ್ಟು ಹೋಯಿತು, ಅದನ್ನು ಬರೆಯಲು. ಮುಂದಿನ ಪುಟಗಳಲ್ಲಿ ಅದೇ ಇದೆ. 2 ಎಂಎಲ್, 2 ಎಂಎಲ್, 2 ಎಂಎಲ್, 3 ಎಂಎಲ್. ಹಿಂದಿನಿಂದ ತಿರುಗಿಸಿದರೆ ಬೇರೆಯದೇ ಲೆಕ್ಕ. ಮಗಳು ಒಳಗೆ ಗಾಜಿನ ಪೆಟ್ಟಿಗೆಯಲ್ಲಿದ್ದಾಗ ನಾನು ಹೊರಗೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ಹಿಂದಿನ ಮೂರು ವಾರದಲ್ಲಿ ಏನೇನು ತಿಂದೆ ಅಂತ ನೆನಪು ಮಾಡಿಕೊಂಡು ಬರೆದಿದ್ದೆ. "ಮಂಗಳವಾರ: ಬೆಳಗ್ಗೆ ಏನೂ ಇಲ್ಲ, ಕಾಫಿ. ಮಧ್ಯಾಹ್ನ ಬ್ರೆಡ್ಡು, ಮೊಟ್ಟೆ. ಸಂಜೆ ಬಿಸ್ಕತ್ತು (ಎಷ್ಟು?). ಬುಧವಾರ: ನೆನಪಿಲ್ಲ. ಗುರುವಾರ: ಹೊರಗಡೆ ಊಟ!!" ಆ ಗುರುವಾರದ ಮುಂದೆ ಎರಡು ಆಶ್ಚರ್ಯಚಿಹ್ನೆ ಹಾಕಿದ್ದೇನೆ, ಕಳ್ಳ ಸಿಕ್ಕಿಬಿದ್ದ ಹಾಗೆ. ಅದರ ಕೆಳಗೆ ಇನ್ನೊಂದು ಪೆನ್ನಿನಲ್ಲಿ "ಹಾಲು ಕುದಿಸಿತ್ತಾ?" ಅಂತ ಬರೆದು ಅಡಿಗೆರೆ ಎಳೆದಿದ್ದೇನೆ. ಆ ಅನುಮಾನಕ್ಕಾದರೂ ಸ್ವಲ್ಪ ಅರ್ಥ ಇತ್ತು. ಹಸಿ ಹಾಲಿನಲ್ಲಿ, ಹಸಿ ಹಾಲಿನಿಂದ ಮಾಡಿದ ಮೆದು ಚೀಸಿನಲ್ಲಿ ಲಿಸ್ಟೀರಿಯಾ ಅನ್ನುವ ಬ್ಯಾಕ್ಟೀರಿಯಾ ಇರಬಹುದು. ತಾಯಿಗೆ ಸಣ್ಣ ಜ್ವರ ಬಂದ ಹಾಗೆ ಆಗಿ ಹೋದರೂ ಅದು ಮಾಸನ್ನು, ಅಂದರೆ ಪ್ಲಸೆಂಟಾವನ್ನು, ದಾಟಿ ಮಗುವಿಗೆ ತಗುಲಬಹುದು, ಹೆರಿಗೆಯೂ ಬೇಗ ಆಗಬಹುದು. ಆದರೆ ನನ್ನಲ್ಲಿ ಆ ಸೋಂಕು ಇರಲಿಲ್ಲ. ಪರೀಕ್ಷೆಯ ಕಾಗದ ನನ್ನ ಬ್ಯಾಗಿನಲ್ಲೇ ಇತ್ತು. ಆದರೂ ಅಡಿಗೆರೆ ಎಳೆದಿದ್ದೆ.

ಹೋದ ತಿಂಗಳು ಆ ತಂಗಿಯ ಫೋನ್ ಆದ ಮೇಲೆ ಆ ನೋಟ್‌ಬುಕ್ ಹುಡುಕಿ ತೆಗೆದೆ. ಎಂಟು ವರ್ಷದ ಹಿಂದಿನ ಆ ಹೆಂಗಸಿನ ಮೇಲೆ ಕನಿಕರ ಬಂತು. ತನ್ನ ಮೇಲೆ ತಾನೇ ಕೇಸು ಹಾಕಿ, ತಾನೇ ಪೊಲೀಸಾಗಿ, ತಾನೇ ಸಾಕ್ಷಿ ಹೇಳುತ್ತಿದ್ದಳು.

ಕುರಿಗಳ ಕಥೆ

ಆಮೇಲಿನ ವರ್ಷಗಳಲ್ಲಿ ನಾನು ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಡಾಕ್ಟರ್ ಅಲ್ಲ ನಾನು, ಸುಮ್ನೆ ಹಠ ಹಿಡಿದು ಓದಿದವಳು. ಓದಿದ್ದರಲ್ಲಿ ನನ್ನನ್ನು ಬಹಳ ಕಾಡಿದ್ದು ಮನುಷ್ಯರ ಕಥೆಯಲ್ಲ, ಕುರಿಗಳದ್ದು.

ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ ಮಾಂಟ್ ಲಿಗಿನ್ಸ್ ಅಂತ ಒಬ್ಬರು ಹೆರಿಗೆ ವೈದ್ಯರಿದ್ದರು. ಹೆರಿಗೆ ಯಾವಾಗ ಶುರುವಾಗಬೇಕು ಅಂತ ತೀರ್ಮಾನ ಮಾಡುವುದು ಯಾರು, ತಾಯಿಯೋ ಮಗುವೋ? ಇದು ಅವರ ತಲೆ ಕೊರೆಯುತ್ತಿದ್ದ ಪ್ರಶ್ನೆ. ಹೊಟ್ಟೆಯೊಳಗಿನ ಕುರಿಮರಿಗೆ ಸ್ಟಿರಾಯ್ಡ್ ಹೋಗುವಂತೆ ಮಾಡಿ ನೋಡಿದರು. ಹೆರಿಗೆ ಬೇಗ ಶುರುವಾಯಿತು. ಅಂದರೆ ಕುರಿಗಳಲ್ಲಿ ಗಂಟೆ ಬಾರಿಸುವುದು ಮರಿಯೇ. ಅದರ ಜೊತೆಗೆ ಅವರು ನಿರೀಕ್ಷಿಸದೇ ಇದ್ದ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅಷ್ಟು ಬೇಗ ಹುಟ್ಟಿದ ಮರಿ ಉಸಿರಾಡಲು ಆಗದೆ ಸಾಯಬೇಕಿತ್ತು. ಅದು ಉಸಿರಾಡುತ್ತಿತ್ತು. ಸ್ಟಿರಾಯ್ಡ್ ಅದರ ಶ್ವಾಸಕೋಶವನ್ನು ಮೊದಲೇ ಹಣ್ಣು ಮಾಡಿತ್ತು. ಇದು 1969ರ ಮಾತು. 1972ರಲ್ಲಿ ಲಿಗಿನ್ಸ್ ಮತ್ತು ಮಕ್ಕಳ ವೈದ್ಯ ರಾಸ್ ಹೋವಿ ಸೇರಿ 282 ತಾಯಂದಿರ ಮೇಲೆ ಮಾಡಿದ ಪ್ರಯೋಗವನ್ನು ಪ್ರಕಟಿಸಿದರು. ನನ್ನ ಸೊಂಟಕ್ಕೆ ಬಿದ್ದ ಎರಡು ಇಂಜೆಕ್ಷನ್ನಿನ ಮೂಲ ಅದೇ. ಆ ಕುರಿಮರಿಗೆ ನಾನು ಎಷ್ಟು ಋಣಿ ಅಂತ ಹೇಳಲಾರೆ.

ಅದೇ ಆಕ್ಲೆಂಡಿನ ಸಂಶೋಧಕರು 2003ರಲ್ಲಿ ಇನ್ನೊಂದು ಪ್ರಯೋಗದ ಫಲಿತಾಂಶ ಪ್ರಕಟಿಸಿದರು. ಒಂದಷ್ಟು ಕುರಿಗಳಿಗೆ ಗಬ್ಬವಾಗುವ 60 ದಿನ ಮೊದಲಿನಿಂದ ಗಬ್ಬವಾಗಿ 30 ದಿನದವರೆಗೆ ಮೇವು ಕಡಿಮೆ ಕೊಟ್ಟರು. ಉಪವಾಸ ಕೆಡವಲಿಲ್ಲ, ತೂಕ ಸ್ವಲ್ಪ ಇಳಿಯುವಷ್ಟು ಮಾತ್ರ. ಆಮೇಲೆ ಹೆರುವವರೆಗೂ ಹೊಟ್ಟೆ ತುಂಬ ಮೇವು. ಹಾಗಿದ್ದೂ ಆ ಕುರಿಗಳಲ್ಲಿ ಸುಮಾರು ಅರ್ಧದಷ್ಟು ದಿನ ತುಂಬುವ ಮೊದಲೇ ಈದವು. ಹೊಟ್ಟೆಯಲ್ಲಿದ್ದ ಮರಿಗಳ ಮೈಯಲ್ಲಿ, ಲಿಗಿನ್ಸ್ ಹೇಳಿದ ಆ ಗಂಟೆ, ಅಂದರೆ ಮೈಯೇ ಮಾಡುವ ಸ್ಟಿರಾಯ್ಡ್ ಆದ ಕಾರ್ಟಿಸಾಲ್, ಬೇಗ ಬಾರಿಸಿತ್ತು. ಬಸಿರಿನ ಆರಂಭದಲ್ಲಿ, ಇನ್ನೂ ಹೇಳಬೇಕೆಂದರೆ ಬಸಿರಿಗೂ ಮೊದಲು, ಆದ ಕೊರತೆಯ ಲೆಕ್ಕ ಕೊನೆಯಲ್ಲಿ ಬಂದು ಚುಕ್ತಾ ಆಯಿತು. ಮಧ್ಯದಲ್ಲಿ ಎಷ್ಟು ಚೆನ್ನಾಗಿ ತಿಂದರೂ ಅದು ಅಳಿಸಿಹೋಗಲಿಲ್ಲ.

ಕುರಿ ಕುರಿಯೇ, ಮನುಷ್ಯ ಮನುಷ್ಯನೇ. ನಮ್ಮ ಹೆರಿಗೆ ಶುರುವಾಗುವ ದಾರಿ ಬೇರೆ. ನಮ್ಮಲ್ಲಿ ಮಾಸು ಸಿಆರ್‌ಎಚ್ ಅನ್ನುವ ಹಾರ್ಮೋನನ್ನು ಮಾಡುತ್ತದೆ, ತಿಂಗಳು ಕಳೆದ ಹಾಗೆ ಅದು ರಕ್ತದಲ್ಲಿ ಏರುತ್ತಾ ಹೋಗುತ್ತದೆ. ಬೇಗ ಹೆರುವವರಲ್ಲಿ ಅದು ಬೇಗ ಏರುತ್ತದೆ ಅಂತ 1995ರಲ್ಲಿ ಆಸ್ಟ್ರೇಲಿಯಾದ ಸಂಶೋಧಕರು ತೋರಿಸಿದರು. ಮಾಸಿನ ಗಡಿಯಾರ ಅಂತ ಅದಕ್ಕೆ ಹೆಸರೂ ಬಿತ್ತು. ತುಂಬಾ ಹೊತ್ತು ಖಾಲಿ ಹೊಟ್ಟೆಯಲ್ಲಿದ್ದರೆ ಆ ಹಾರ್ಮೋನು ಜಾಸ್ತಿಯಾಗುತ್ತದೆ ಅನ್ನುವುದಕ್ಕೆ ಒಂದಿಷ್ಟು ಆಧಾರ ಇದೆ. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ 2,000ಕ್ಕೂ ಹೆಚ್ಚು ಬಸುರಿಯರನ್ನು ಗಮನಿಸಿದಾಗ, ದಿನಕ್ಕೆ ಮೂರು ಊಟ, ಮಧ್ಯೆ ಎರಡು ಸಲ ಸಣ್ಣ ತಿಂಡಿ ತಿನ್ನದವರಲ್ಲಿ ಬೇಗ ಹೆರಿಗೆಯಾಗುವ ಅಪಾಯ ಸ್ವಲ್ಪ ಜಾಸ್ತಿ ಕಂಡಿತ್ತು. ಸ್ವಲ್ಪ ಅನ್ನುವ ಮಾತಿಗೆ ಅಡಿಗೆರೆ ಎಳೆಯಬೇಕು. ಅದನ್ನು ಓದಿದ ರಾತ್ರಿ ನಾನು ನನ್ನ "ಬೆಳಗ್ಗೆ ಏನೂ ಇಲ್ಲ, ಕಾಫಿ" ಸಾಲನ್ನು ನೆನೆದು ಮತ್ತೆ ಎಚ್ಚರವಾಗಿದ್ದೆ. ಗಮನಿಸಿ ನೋಡುವುದು ಬೇರೆ, ಪ್ರಯೋಗ ಮಾಡಿ ನೋಡುವುದು ಬೇರೆ ಅನ್ನುವ ತಿಳಿವಳಿಕೆ ಆಗ ನನಗಿರಲಿಲ್ಲ. ಹೊತ್ತಿಗೆ ಸರಿಯಾಗಿ ತಿನ್ನಲು ಆಗದವಳಿಗೆ ಬೇರೆ ನೂರು ತಾಪತ್ರಯ ಇರುತ್ತವಲ್ಲ. ಅದರಲ್ಲಿ ಯಾವುದು ಕಾರಣ? ಒಸಡಿನ ರೋಗದ ವಿಷಯದಲ್ಲಿ ಹೀಗೇ ಆಯಿತು. ಒಸಡು ಹಾಳಾದವರಲ್ಲಿ ಬೇಗ ಹೆರಿಗೆ ಜಾಸ್ತಿ ಅಂತ ಕಂಡುಬಂತು. ಸರಿ, ಬಸುರಿಯರ ಒಸಡಿಗೆ ಚಿಕಿತ್ಸೆ ಕೊಟ್ಟು ನೋಡಿದರು. ಒಸಡು ಸರಿಹೋಯಿತು, ಹೆರಿಗೆಯ ದಿನ ಬದಲಾಗಲಿಲ್ಲ.

ಸಾವಿರದಲ್ಲಿ ಹದಿನೈದು ಜನ

ಹಾಗಾದರೆ ಊಟಕ್ಕೂ ಇದಕ್ಕೂ ಸಂಬಂಧವೇ ಇಲ್ಲವಾ ಅಂದರೆ, ಇದೆ. ಸರಿಯಾದ ಪ್ರಯೋಗಗಳಿಂದಲೇ ಗೊತ್ತಾಗಿರುವ ಸಂಬಂಧಗಳಿವೆ. ನನಗೆ ಇಷ್ಟವಾದದ್ದು ಮೀನೆಣ್ಣೆಯ ಕಥೆ. ಉತ್ತರ ಅಟ್ಲಾಂಟಿಕ್ಕಿನ ಫೇರೋ ದ್ವೀಪಗಳಲ್ಲಿ ಹುಟ್ಟುವ ಮಕ್ಕಳು ಡೆನ್ಮಾರ್ಕಿನ ಮಕ್ಕಳಿಗಿಂತ ಹೆಚ್ಚು ತೂಕ ಇರುತ್ತಾರೆ, ಹೊಟ್ಟೆಯಲ್ಲಿ ಕೆಲವು ದಿನ ಜಾಸ್ತಿಯೇ ಇರುತ್ತಾರೆ ಅಂತ 1980ರ ದಶಕದಲ್ಲಿ ಡೆನ್ಮಾರ್ಕಿನ ಸಂಶೋಧಕ ಶೂರ್ದುರ್ ಓಲ್ಸೆನ್ ಗಮನಿಸಿದರು. ಅಲ್ಲಿನವರ ಊಟದಲ್ಲಿ ಸಮುದ್ರದ ಕೊಬ್ಬು ಬಹಳ. ಇದೇ ಕಾರಣ ಇರಬಹುದಾ ಅಂತ 533 ಬಸುರಿಯರ ಮೇಲೆ ಪ್ರಯೋಗ ಮಾಡಿದರು. 1992ರಲ್ಲಿ ಫಲಿತಾಂಶ ಬಂತು. ಆಲಿವ್ ಎಣ್ಣೆ ತೆಗೆದುಕೊಂಡವರಿಗಿಂತ ಮೀನೆಣ್ಣೆ ತೆಗೆದುಕೊಂಡವರಿಗೆ ಬಸಿರು ಸರಾಸರಿ 4 ದಿನ ಹೆಚ್ಚು ನಿಂತಿತ್ತು. ನಾಲ್ಕು ದಿನ ಅಂದರೆ ಏನು ಮಹಾ ಅನ್ನಿಸಬಹುದು. ಎನ್‌ಐಸಿಯು ಹೊರಗೆ ಕೂತವರನ್ನು ಕೇಳಿ ನೋಡಿ.

ಆಮೇಲೆ ಇಂಥ ಪ್ರಯೋಗಗಳು ಬಹಳ ಆದವು. ಮೀನೆಣ್ಣೆಯಲ್ಲಿರುವ ಒಮೆಗಾ-3 ಕೊಬ್ಬಿನ ಕುರಿತ 70 ಪ್ರಯೋಗಗಳನ್ನು, ಸುಮಾರು 20 ಸಾವಿರ ಬಸುರಿಯರ ಲೆಕ್ಕವನ್ನು, ಇಂಥ ಪ್ರಯೋಗಗಳನ್ನು ಕಲೆಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ ಒಟ್ಟಿಗೆ ಸೇರಿಸಿ ನೋಡಿತು. 37 ವಾರಕ್ಕೆ ಮೊದಲು ಹೆರಿಗೆಯಾಗುವವರ ಪ್ರಮಾಣ ಶೇ. 13.4ರಿಂದ 11.9ಕ್ಕೆ ಇಳಿದಿತ್ತು. 34 ವಾರಕ್ಕೂ ಮೊದಲಿನದು ಶೇ. 4.6ರಿಂದ 2.7ಕ್ಕೆ. ಮರುವರ್ಷವೇ ಆಸ್ಟ್ರೇಲಿಯಾದಲ್ಲಿ 5,500ಕ್ಕೂ ಹೆಚ್ಚು ಬಸುರಿಯರ ಮೇಲೆ ಮಾಡಿದ ಒಂದೇ ದೊಡ್ಡ ಪ್ರಯೋಗದ ಫಲಿತಾಂಶ ಬಂತು. ಅದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಯಾಕೆ ಹೀಗೆ ಅಂತ ಕೆದಕಿದಾಗ ಗೊತ್ತಾದದ್ದು ಒಂದು ಸಾದಾ ಸಂಗತಿ. ಮೈಯಲ್ಲಿ ಒಮೆಗಾ-3 ಕಡಿಮೆ ಇದ್ದವರಿಗೆ ಕೊಟ್ಟರೆ ಉಪಯೋಗ. ಮೊದಲೇ ಸಾಕಷ್ಟು ಇದ್ದವರಿಗೆ ಮತ್ತೆ ಸುರಿದರೆ ಉಪಯೋಗ ಇಲ್ಲ, ತೊಂದರೆ ಆಗುವ ಸಾಧ್ಯತೆಯೂ ಇದೆ.

ಕ್ಯಾಲ್ಸಿಯಂ ಕಥೆಯೂ ಇಂಥದ್ದೇ. ಗ್ವಾಟೆಮಾಲಾದ ಮಾಯಾ ಜನರಲ್ಲಿ ಬಡತನ ಇದ್ದರೂ ಬಸಿರಿನಲ್ಲಿ ಬಿಪಿ ಏರಿ ಬರುವ ಫಿಟ್ಸ್ ಕಡಿಮೆ ಇತ್ತು. ಅವರು ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ನೆನೆಸಿ ಬೇಯಿಸುತ್ತಾರೆ, ಅದರಿಂದ ಮೈಗೆ ಸುಣ್ಣದ ಅಂಶ, ಅಂದರೆ ಕ್ಯಾಲ್ಸಿಯಂ, ಸೇರುತ್ತದೆ ಅಂತ 1980ರಲ್ಲಿ ಬೆಲಿಸಾನ್ ಮತ್ತು ವಿಯಾರ್ ಎಂಬ ಇಬ್ಬರು ವೈದ್ಯರು ಬರೆದರು. ಬಿಪಿ ಏರಿದರೆ ಎಷ್ಟೋ ಸಲ ತಾಯಿಯ ಜೀವ ಉಳಿಸಲು ಮಗುವನ್ನು ಬೇಗ ಹೊರತೆಗೆಯಬೇಕಾಗುತ್ತದೆ. ಹಾಗಾಗಿ ಬಿಪಿ ತಡೆದರೆ ಅವಧಿಗೆ ಮೊದಲಿನ ಹೆರಿಗೆಯೂ ಒಂದಿಷ್ಟು ತಪ್ಪುತ್ತದೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಬಸುರಿಯರಿಗೆ ದಿನಕ್ಕೆ 1.5ರಿಂದ 2 ಗ್ರಾಂ ಕೊಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು. ಅಷ್ಟು ದಪ್ಪ ಮಾತ್ರೆ ದಿನಕ್ಕೆ ಮೂರು ನುಂಗುವುದು ಯಾರಿಗೆ ಬೇಕು? ಭಾರತ ಮತ್ತು ಟಾಂಜಾನಿಯಾದಲ್ಲಿ ತಲಾ 11 ಸಾವಿರ ಬಸುರಿಯರ ಮೇಲೆ ಮಾಡಿದ ಪ್ರಯೋಗ 2024ರಲ್ಲಿ ಪ್ರಕಟವಾಯಿತು. ಬಿಪಿ ತೊಂದರೆ ತಡೆಯುವುದರಲ್ಲಿ 500 ಮಿಲಿಗ್ರಾಂ ಏನೂ ಹಿಂದೆ ಬೀಳಲಿಲ್ಲ. ನನಗೆ ಖುಷಿಯಾದದ್ದು ಇದಕ್ಕೆ. ಕಡಿಮೆ ಕೊಟ್ಟರೂ ಸಾಕು ಅಂತ ತೋರಿಸಲು ಯಾರೋ ಇಷ್ಟು ಕಷ್ಟಪಟ್ಟರಲ್ಲ.

ಬಾಂಗ್ಲಾದೇಶದ್ದು ಇನ್ನೂ ದೊಡ್ಡದು. 44 ಸಾವಿರಕ್ಕೂ ಹೆಚ್ಚು ಬಸುರಿಯರಲ್ಲಿ ಅರ್ಧ ಜನರಿಗೆ ಬರೀ ಕಬ್ಬಿಣ ಮತ್ತು ಫೋಲಿಕ್ ಆ್ಯಸಿಡ್, ಉಳಿದವರಿಗೆ 15 ಬಗೆಯ ವಿಟಮಿನ್ ಮತ್ತು ಖನಿಜಗಳಿದ್ದ ಒಂದು ಮಾತ್ರೆ. 2014ರಲ್ಲಿ ಲೆಕ್ಕ ಹೊರಬಿತ್ತು. ಅವಧಿಗೆ ಮೊದಲಿನ ಹೆರಿಗೆ ಶೇ. 21.8 ಇದ್ದದ್ದು ಶೇ. 18.6 ಆಗಿತ್ತು. ಬೇರೆ ಬೇರೆ ದೇಶಗಳ ಇಂಥ ಪ್ರಯೋಗಗಳನ್ನು ಸೇರಿಸಿ ನೋಡಿದಾಗ, ಬಸಿರಿನ ಹೊತ್ತಿಗೆ ತೂಕ ತೀರ ಕಡಿಮೆ ಇದ್ದವರಿಗೆ ಇದರ ಲಾಭ ಜಾಸ್ತಿ ಅಂತಲೂ ಕಂಡಿತು. ಮತ್ತೆ ಅದೇ ಮಾತು, ಖಾಲಿ ಇದ್ದಲ್ಲಿ ತುಂಬಿದರೆ ಫಲ. ವಿಟಮಿನ್ ಸಿ, ಇ ಮಾತ್ರೆಗಳ ಮೇಲೂ ಒಂದು ಕಾಲದಲ್ಲಿ ಬಹಳ ಭರವಸೆ ಇತ್ತು. ದೊಡ್ಡ ಪ್ರಯೋಗಗಳಲ್ಲಿ ಅದು ನಿಲ್ಲಲಿಲ್ಲ. ಪ್ರೋಟೀನ್ ಪುಡಿಯ ಡಬ್ಬಿ ಹಿಡಿದು ಬರುವವರಿಗೆ ಇದನ್ನೂ ಹೇಳಬೇಕು. ಬಸುರಿಯರಿಗೆ ಹೆಚ್ಚು ಪ್ರೋಟೀನಿನ ಪೂರಕ ಆಹಾರ ಕೊಡುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ.

ಈಗ ನನ್ನನ್ನು ಕಾಡಿದ ಲೆಕ್ಕಕ್ಕೆ ಬರುತ್ತೇನೆ. ಮೇಲಿನ ಒಮೆಗಾ-3 ಅಂಕಿಯನ್ನೇ ತೆಗೆದುಕೊಳ್ಳಿ. ಸಾವಿರ ಬಸುರಿಯರಲ್ಲಿ 134 ಜನರಿಗೆ ಬೇಗ ಹೆರಿಗೆಯಾಗುತ್ತಿತ್ತು. ಎಲ್ಲರಿಗೂ ಕೊಟ್ಟಾಗ 119 ಜನರಿಗೆ ಆಯಿತು. 15 ಜನ ಬಚಾವಾದರು. ಆ 15 ಜನ ಯಾರು? ಗೊತ್ತಿಲ್ಲ. ಗೊತ್ತಾಗುವ ದಾರಿಯೂ ಇಲ್ಲ. ಅವರಿಗೇ ಗೊತ್ತಿಲ್ಲ. ತಿಂಗಳು ತುಂಬಿ ಹೆತ್ತು, ಮಗುವನ್ನು ಎತ್ತಿಕೊಂಡು ಮನೆಗೆ ಹೋಗಿರುತ್ತಾರೆ. ಉಳಿದ 119 ಜನ ಎಲ್ಲ ಸರಿಯಾಗಿ ನುಂಗಿಯೂ ಎನ್‌ಐಸಿಯು ಹೊರಗೆ ಕೂತಿರುತ್ತಾರೆ. ನೋಡಲು ಬಂದವರು ಕೇಳುವುದು ಅವರನ್ನೇ, "ಏನು ತಿಂದೆ?" ಇನ್ನು 866 ಜನ ಏನೂ ನುಂಗದಿದ್ದರೂ ಅವರಿಗೆ ತಿಂಗಳು ತುಂಬುತ್ತಿತ್ತು. ಸಾವಿರ ಜನರ ತಟ್ಟೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ನಿಜವಾಗಿ ಕಾಣುವ ಒಂದು ಸಂಗತಿ, ಒಬ್ಬಳ ತಟ್ಟೆಯ ಮುಂದೆ ಬಗ್ಗಿ ನೋಡಿದರೆ ಕಾಣುವುದಿಲ್ಲ. ಇದನ್ನು ಅರ್ಥ ಮಾಡಿಕೊಳ್ಳಲು ನನಗೆ ವರ್ಷಗಳು ಬೇಕಾದವು. 2020ರಲ್ಲಿ ಜಗತ್ತಿನಲ್ಲಿ ಸುಮಾರು 1 ಕೋಟಿ 34 ಲಕ್ಷ ಮಕ್ಕಳು ದಿನ ತುಂಬುವ ಮೊದಲೇ ಹುಟ್ಟಿದರು. ಹತ್ತರಲ್ಲಿ ಒಂದು ಮಗು. ಅಷ್ಟೂ ತಾಯಂದಿರು ಏನೋ ಒಂದು ತಪ್ಪು ತಿಂದಿರಲು ಸಾಧ್ಯವಾ?

46 ಕಿಲೋ

ಇಲ್ಲಿಗೆ ನಿಲ್ಲಿಸಿದರೆ ನನಗೆ ಅನುಕೂಲ. ನನ್ನ ತಪ್ಪೇನಿಲ್ಲ ಅಂತ ನೋಟ್‌ಬುಕ್ ಮುಚ್ಚಿಬಿಡಬಹುದು. ಆದರೆ ಓದುತ್ತಾ ಹೋದ ಹಾಗೆ ಇನ್ನೊಂದು ಸಂಗತಿ ಸಿಕ್ಕಿತು, ಅದನ್ನು ಬಿಟ್ಟು ಬರೆದರೆ ಸುಳ್ಳಾಗುತ್ತದೆ.

ಬಸಿರಾಗುವ ಮೊದಲು ನನ್ನ ತೂಕ 46 ಕಿಲೋ. ಎತ್ತರ 160 ಸೆಂಟಿಮೀಟರ್. ಬಿಎಂಐ, ಅಂದರೆ ಎತ್ತರಕ್ಕೆ ತಕ್ಕ ತೂಕದ ಅಳತೆ, ಲೆಕ್ಕ ಹಾಕಿದರೆ 18ಕ್ಕಿಂತ ಒಂದು ಕೂದಲು ಕೆಳಗೆ. 18.5ಕ್ಕಿಂತ ಕಡಿಮೆ ಇದ್ದರೆ ಅದು ಕಡಿಮೆ ತೂಕ, ಹಾಗಿದ್ದವರಲ್ಲಿ ಬೇಗ ಹೆರಿಗೆಯಾಗುವ ಅಪಾಯ ಜಾಸ್ತಿ. ಬಹಳ ತೂಕ ಇದ್ದವರಲ್ಲೂ ಜಾಸ್ತಿ, ಅದು ಬೇರೆ ವಿಷಯ. ನನ್ನ ಮೊದಲ ಕಾರ್ಡಿನಲ್ಲಿ ಆ 46 ಬರೆದಿದೆ. ಅದರ ಮುಂದೆ ಯಾರೂ ಆಶ್ಚರ್ಯಚಿಹ್ನೆ ಹಾಕಲಿಲ್ಲ, ನಾನೂ ಹಾಕಲಿಲ್ಲ. ನೋಟ್‌ಬುಕ್ಕಿನಲ್ಲಿ ಮೂರು ವಾರದ ಊಟ ಹುಡುಕಿದವಳು ಮೂರು ವರ್ಷ ಹಿಂದೆ ಹೋಗಲೇ ಇಲ್ಲ. ಆ ಮೂರು ವರ್ಷ ನಾನು ಮಧ್ಯಾಹ್ನದ ಊಟವನ್ನು ಕೆಲಸದ ಮೇಜಿನಲ್ಲೇ, ಒಂದು ಕೈಯಲ್ಲಿ ಟೈಪ್ ಮಾಡುತ್ತಾ ಮುಗಿಸಿದವಳು. ಎಷ್ಟೋ ದಿನ ಅದೂ ಇಲ್ಲ. ಯಾರೂ ತಡೆದದ್ದಲ್ಲ, ಬಡತನವೂ ಅಲ್ಲ. ಹೊತ್ತಿರಲಿಲ್ಲ, ಮತ್ತೆ ತೆಳ್ಳಗಿರುವುದು ಚೆಂದ ಅನ್ನಿಸುತ್ತಿತ್ತು. "ಎಷ್ಟು ಸಪೂರ ಇದ್ದೀಯೇ, ಹೇಗೆ ಮೇಂಟೇನ್ ಮಾಡ್ತೀಯ?" ಅಂತ ಕೇಳಿ ಹೊಗಳಿದವರೇ ಆಮೇಲೆ "ಏನು ತಿಂದೆ" ಅಂತ ಕೇಳಿದ್ದು. ಎರಡೂ ಒಂದೇ ಪ್ರಶ್ನೆ. ಮೊದಲನೆಯದಕ್ಕೆ ನಾನು ಸರಿಯಾದ ಉತ್ತರ ಕೊಟ್ಟಿದ್ದರೆ, "ಏನೂ ತಿನ್ನಲ್ಲ" ಅನ್ನಬೇಕಿತ್ತು.

ಅದೇ ಕಾರಣವಾ? ಗೊತ್ತಿಲ್ಲ. ಮೇಲೆ ಹೇಳಿದ ಲೆಕ್ಕವೇ ಇಲ್ಲಿಯೂ. ಕಡಿಮೆ ತೂಕದವರಲ್ಲಿ ಬಹಳ ಜನರಿಗೆ ತಿಂಗಳು ತುಂಬಿಯೇ ಹೆರಿಗೆಯಾಗುತ್ತದೆ. ಆದರೆ ಯಾರಾದರೂ ಏನಾದರೂ ಮಾಡಬಹುದಾಗಿದ್ದ ಹೊತ್ತು ಅಂತ ಒಂದಿದ್ದರೆ ಅದು ಆ ಮೂರು ವರ್ಷ. ಕಡೆಯ ಮೂರು ವಾರ ಅಲ್ಲ. ಕುರಿಗಳ ಕಥೆ ನನ್ನನ್ನು ಕಾಡಿದ್ದು ಇದಕ್ಕೇ. ಬಸುರಿ ಅಂತ ಗೊತ್ತಾದ ದಿನದಿಂದ ಇಡೀ ಜಗತ್ತು ನಮ್ಮ ತಟ್ಟೆಯೊಳಗೆ ಇಣುಕುತ್ತದೆ. ಅದಕ್ಕೆ ಮುಂಚೆ ಯಾರಿಗೂ ಆಸಕ್ತಿ ಇಲ್ಲ. ಒಂದು ಹೆರಿಗೆ ಆಗಿ ಇನ್ನೊಂದು ಬಸಿರಿನ ಮಧ್ಯೆ ಹೆಣ್ಣಿನ ಮೈ ಖಾಲಿಯಾದದ್ದನ್ನು ಮತ್ತೆ ತುಂಬಿಕೊಳ್ಳಬೇಕು, ಅದಕ್ಕೆ ಕಡಿಮೆಯೆಂದರೆ ಎರಡು ವರ್ಷ ಬಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆ ಎರಡು ವರ್ಷ ಅವಳ ಊಟವನ್ನು ವಿಚಾರಿಸುವವರು ಯಾರು? ನಾನು ಕಂಡ ಹಾಗೆ, ಮಗು ತಿಂದಿತಾ ಅಂತ ಕೇಳುತ್ತಾರೆ.

ಇದರ ಜೊತೆಗೆ ಹಾಲೆಂಡಿನ ಹಸಿವಿನ ಚಳಿಗಾಲವನ್ನೂ ನೆನೆಯಬೇಕು. ಎರಡನೇ ಮಹಾಯುದ್ಧದ ಕೊನೆಯಲ್ಲಿ, 1944ರ ನವೆಂಬರಿನಿಂದ 1945ರ ಮೇ ತನಕ, ಜರ್ಮನ್ನರು ಆಹಾರ ತಡೆಹಿಡಿದಿದ್ದರಿಂದ ದೇಶದ ಪಶ್ಚಿಮ ಭಾಗದವರಿಗೆ ರೇಷನ್ನಿನಲ್ಲಿ ಸಿಗುತ್ತಿದ್ದದ್ದು ದಿನಕ್ಕೆ 1,000 ಕ್ಯಾಲೊರಿಗಿಂತ ಕಡಿಮೆ. ಬಸಿರಿನ ಕೊನೆಯ ಮೂರು ತಿಂಗಳು ಆ ಹಸಿವಿನಲ್ಲಿ ಕಳೆದವರ ಮಕ್ಕಳು ಸುಮಾರು 300 ಗ್ರಾಂ ಕಡಿಮೆ ತೂಗಿದರು. ಆರಂಭದಲ್ಲಿ ಮಾತ್ರ ಹಸಿದು ಆಮೇಲೆ ಊಟ ಸಿಕ್ಕವರ ಮಕ್ಕಳು ಹುಟ್ಟುವಾಗ ಸಾಮಾನ್ಯ ತೂಕವೇ ಇದ್ದರು. ಆದರೆ ನಡುವಯಸ್ಸು ದಾಟಿದಾಗ ಅವರಲ್ಲಿ ಹೃದಯದ ಕಾಯಿಲೆ ಜಾಸ್ತಿ ಕಂಡಿತು. ತೂಕದ ಯಂತ್ರಕ್ಕೆ ಕಾಣದ ಲೆಕ್ಕವೂ ಇರುತ್ತದೆ. ಆ ತಾಯಂದಿರನ್ನು "ಏನು ತಿಂದೆ" ಅಂತ ಯಾರೂ ಕೇಳಿರಲಾರರು. ಊರಿಗೆ ಊರೇ ಹಸಿದಿತ್ತು, ಉತ್ತರ ಎಲ್ಲರಿಗೂ ಗೊತ್ತಿತ್ತು.

ಸಿರಿಂಜಿನ ಹಾಲು

ಇನ್ನೊಂದು ದಿನದ್ದು ಹೇಳಬೇಕು. ಮಗಳು ಹುಟ್ಟಿ ನಾಲ್ಕನೇ ದಿನ. ಅಷ್ಟು ಚಿಕ್ಕ ಮಕ್ಕಳಿಗೆ ಚೀಪುವುದು, ನುಂಗುವುದು, ಉಸಿರಾಡುವುದು ಮೂರೂ ಒಟ್ಟಿಗೆ ಬರುವುದಿಲ್ಲ. ಬಾಯಿಂದ ಹೊಟ್ಟೆಗೆ ಒಂದು ಸಣ್ಣ ಟ್ಯೂಬ್ ಇಳಿಸಿರುತ್ತಾರೆ. ಅದರ ತುದಿಗೆ ಹಿಡಿ ತೆಗೆದ ಸಿರಿಂಜ್ ಸಿಕ್ಕಿಸಿ, ಹಾಲು ಸುರಿದು ಮೇಲೆ ಎತ್ತಿ ಹಿಡಿಯಬೇಕು. ಒತ್ತಬಾರದು. ತಾನಾಗಿ ಇಳಿಯಬೇಕು. ಆ ಸಿಸ್ಟರ್ ಅವತ್ತು ಸಿರಿಂಜನ್ನು ನನ್ನ ಕೈಗೆ ಕೊಟ್ಟರು. ಎರಡು ಎಂಎಲ್ ಹಾಲು. ಅಷ್ಟು ಹಿಂಡಲು ನಾನು ಇಪ್ಪತ್ತು ನಿಮಿಷ ತೆಗೆದುಕೊಂಡಿದ್ದೆ. ತೆಳು ಹಳದಿ ಬಣ್ಣ. ಕಣ್ಣು ನೆಟ್ಟು ನೋಡುತ್ತಿದ್ದರೂ ಇಳಿದದ್ದು ಕಾಣುವುದಿಲ್ಲ. ಬೇರೆ ಕಡೆ ನೋಡಿ ತಿರುಗಿದರೆ ಒಂದು ಗೆರೆ ಕೆಳಗೆ ಹೋಗಿರುತ್ತದೆ. ನನ್ನ ಕೈ ನಡುಗುತ್ತಿತ್ತು. ಮೊಣಕೈಯನ್ನು ಪೆಟ್ಟಿಗೆಯ ಅಂಚಿಗೆ ಊರಿಕೊಳ್ಳಿ ಅಂತ ಅವರು ತೋರಿಸಿಕೊಟ್ಟರು.

"ಇಷ್ಟೇ ಬರೋದು ಸಿಸ್ಟರ್" ಅಂದೆ. ಅವರು ಬೇರೆ ಮಗುವಿನ ಮಾನಿಟರ್ ನೋಡುತ್ತಲೇ ಹೇಳಿದರು: "ಇಷ್ಟೇ ಅನ್ಬೇಡಿ. ಬೇಗ ಹುಟ್ಟಿದ ಮಗುವಿನ ತಾಯಿ ಹಾಲೇ ಬೇರೆ, ಅದರಲ್ಲಿ ಪ್ರೋಟೀನ್ ಜಾಸ್ತಿ ಇರುತ್ತೆ. ಮೈಗೆ ಗೊತ್ತಾಗುತ್ತೆ." ಆಗ ನಾನು ಅದನ್ನು ಸಮಾಧಾನದ ಮಾತು ಅಂದುಕೊಂಡಿದ್ದೆ. ಆಮೇಲೆ ಓದಿದಾಗ ಗೊತ್ತಾಯಿತು, ನಿಜ. ಮೊದಲ ಕೆಲವು ವಾರ, ದಿನ ತುಂಬದೆ ಹೆತ್ತವರ ಹಾಲಿನಲ್ಲಿ ಪ್ರೋಟೀನ್ ಹೆಚ್ಚಿರುತ್ತದೆ. ತೀರ ಸಣ್ಣ ಮಕ್ಕಳಿಗೆ ಅದೂ ಸಾಲದು, ಪುಡಿ ಸೇರಿಸಿ ಗಟ್ಟಿ ಮಾಡುತ್ತಾರೆ. ನನ್ನ ಮಗಳಿಗೂ ಹಾಕಿದ್ದರು. ಇರಲಿ. ಮೂರು ವಾರದ ಊಟದಲ್ಲಿ ತಪ್ಪು ಹುಡುಕುತ್ತಾ ಕೂತಿದ್ದ ನನಗೆ ಆ ದಿನಗಳಲ್ಲಿ ಯಾರಾದರೂ ನನ್ನ ಮೈಯ ಬಗ್ಗೆ ಒಳ್ಳೆಯ ಮಾತು ಹೇಳಿದ್ದಿದ್ದರೆ ಅದು ಅದೊಂದೇ.

ತಂಗಿಗೆ ಮಾರನೇ ದಿನ ನಾನೇ ಫೋನ್ ಮಾಡಿದೆ. ಪಟ್ಟಿ ಇಲ್ಲ ಅಂದೆ. ಇಬ್ಬರಿಗಾಗಿ ತಿನ್ನು ಅಂತ ಯಾರಾದರೂ ಹೇಳಿದರೆ ಹೂಂ ಅಂದುಬಿಡು, ಮೊದಲ ಮೂರು ತಿಂಗಳು ಹೆಚ್ಚೇನೂ ಬೇಕಾಗಿಲ್ಲ, ಆಮೇಲೆ ದಿನಕ್ಕೆ 340 ಕ್ಯಾಲೊರಿ, ಕೊನೆಯ ತಿಂಗಳುಗಳಲ್ಲಿ 450ರಷ್ಟು ಹೆಚ್ಚು ಸಾಕು, ಅಂದರೆ ಒಂದು ಚಿಕ್ಕ ಊಟ ಅಂದೆ. ವಾಂತಿ ನಿಲ್ಲದಿದ್ದರೆ, ನೀರೂ ನಿಲ್ಲದಿದ್ದರೆ ಡಾಕ್ಟರ್ ಹತ್ತಿರ ಹೋಗು, ಸಹಿಸಿಕೊಂಡು ಕೂರಬೇಡ. ಮೊದಲಿನ ತೂಕ ಎಷ್ಟಿತ್ತು ಅಂತ ಕೇಳಿದೆ. ಅವಳಿಗೆ ನೆನಪಿರಲಿಲ್ಲ. ಕಾರ್ಡ್ ತೆಗೆದು ನೋಡು, ಬಿಎಂಐ ಹಾಕಿಸು, ರಕ್ತ ಎಷ್ಟಿದೆ, ಬಿಪಿ ಎಷ್ಟಿದೆ ಕೇಳು ಅಂದೆ. ಅವಳು ಬರೆದುಕೊಳ್ಳುತ್ತಿದ್ದಳು ಅನ್ನಿಸುತ್ತದೆ, ಪೆನ್ನಿನ ಸದ್ದು ಬರುತ್ತಿತ್ತು.

"ಆಮೇಲೆ ಮಧ್ಯಾಹ್ನ ಮೇಜಿನಲ್ಲಿ ಊಟ ಮಾಡಬೇಡ. ಎದ್ದು ಹೋಗಿ ಕೂತು ತಿನ್ನು."

"ಅದಕ್ಕೂ ಇದಕ್ಕೂ ಏನಕ್ಕಾ ಸಂಬಂಧ?"

"ಏನೂ ಇಲ್ಲ. ತಿನ್ನು ಅಷ್ಟೇ."

ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, ಕ್ಯಾಲ್ಸಿಯಂ ಮಾತ್ರೆ ಮತ್ತು ಕಬ್ಬಿಣದ ಮಾತ್ರೆ ಒಟ್ಟಿಗೆ ನುಂಗಬಹುದಾ ಅಂತ ಕೇಳಿದಳು. ಬೇಡ, ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ, ಒಂದು ಬೆಳಗ್ಗೆ ತಗೋ, ಇನ್ನೊಂದು ರಾತ್ರಿ ಅಂದೆ. ಯಾವುದು ಬೆಳಗ್ಗೆ, ಯಾವುದು ರಾತ್ರಿ ಅಂತ ಇನ್ನೊಂದು ಪ್ರಶ್ನೆ ಬಂತು. ವಾಂತಿ ಯಾವ ಹೊತ್ತಿನಲ್ಲಿ ಕಡಿಮೆಯೋ ಆ ಹೊತ್ತಿಗೆ ಕಬ್ಬಿಣದ್ದು ಇಟ್ಟುಕೋ ಅಂದೆ.